ಗುಲಾಬಿ ಮೇಡಂ ಮತ್ತು ಬಣ್ಣದ ಪ್ರಿಂಟರ್

ಆ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಗುಲಾಬಿ ಮೇಡಂ. ಆ ಬಣ್ಣದ ಬಟ್ಟೆ ತೊಡುತ್ತಾಳೆಂದಲ್ಲ. ಅವಳ ಬಟ್ಟೆಗಳೆಲ್ಲ ಮಣ್ಣುಬಣ್ಣದವು, ಪುಟ್ಟ ಮಗಳ ಕೈಗುರುತು ಕಾಣದಿರಲಿ ಎಂದು ನೋಡಿ ನೋಡಿ ಕೊಂಡವು. ಪಾಠ ಮಾಡುವಾಗ ಮಾತ್ರ ಅವಳ ಬಾಯಲ್ಲಿ ಸದಾ ಅದೇ ಜಪ: "ಇಲ್ಲಿ ನೋಡಿ ಗುಲಾಬಿ, ಅದರ ನಡುವೆ ನೇರಳೆ." ವಿದ್ಯಾರ್ಥಿಗಳು ಕೈಯಲ್ಲಿದ್ದ ಕಪ್ಪು-ಬಿಳುಪು ನಕಲಿನ ಹಾಳೆ ನೋಡುತ್ತಿದ್ದರು. ಅದರಲ್ಲಿ ಎರಡೂ ಬೂದಿ.

ಜೀವಕೋಶದ ಮೈಗೆ ಗುಲಾಬಿ, ಅದರೊಳಗಿನ ಕೋಶಕೇಂದ್ರಕ್ಕೆ ನೇರಳೆ. ಹೀಗೆ ಬಣ್ಣ ಹಚ್ಚಿದ ಗಾಜಿನ ಪಟ್ಟಿಯನ್ನು ಪ್ರಾಯೋಗಿಕ ಪರೀಕ್ಷೆಯಲ್ಲಿ ಮುಂದಿಟ್ಟು, ಇದು ದೇಹದ ಯಾವ ಭಾಗದ್ದು ಹೇಳು ಎನ್ನುತ್ತಾರೆ. ಕಾಲೇಜಿನ ಸೂಕ್ಷ್ಮದರ್ಶಕಗಳಲ್ಲಿ ಅರ್ಧದಷ್ಟಕ್ಕೆ ಮಸೂರವೇ ಇಲ್ಲ, ಉಳಿದವು ಬೀರುವಿನಿಂದ ಹೊರಬರುವುದು ಪರೀಕ್ಷೆಯ ದಿನ ಮಾತ್ರ. ವರ್ಷವೆಲ್ಲ ಬೂದಿ ಹಾಳೆ ಓದಿದವರು ಪರೀಕ್ಷೆಯ ದಿನ ಬಣ್ಣ ಕಂಡು, ತಪ್ಪಿ ಪರರ ಮನೆಗೆ ನುಗ್ಗಿದವರಂತೆ ಕಣ್ಣು ಕಣ್ಣು ಬಿಡುತ್ತಿದ್ದರು. ಹಿಂದಿನ ವರ್ಷ ಒಬ್ಬಳು ಕರುಳನ್ನು ಚರ್ಮವೆಂದು ಬರೆದು, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತಿದ್ದಳು. ಆ ಅಳು ಗುಲಾಬಿ ಮೇಡಂಗೆ ಗಂಟಲಲ್ಲಿ ಸಿಕ್ಕ ಮೀನುಮುಳ್ಳಿನಂತೆ ಉಳಿದುಬಿಟ್ಟಿತ್ತು.

ಹಾಗಾಗಿ, ಕಾಲೇಜಿಗೆ ಬಣ್ಣದ ಲೇಸರ್ ಪ್ರಿಂಟರ್ ತರುತ್ತಾರೆ, ನಕಲು ತೆಗೆಯುವುದು, ಸ್ಕ್ಯಾನ್ ಮಾಡುವುದು ಎಲ್ಲವೂ ಒಂದರಲ್ಲೇ ಆಗುತ್ತದಂತೆ ಎಂದು ಸುದ್ದಿಯಾದಾಗ, ಆಯ್ಕೆ ಸಮಿತಿಗೆ ತನ್ನನ್ನೂ ಸೇರಿಸಿ ಎಂದು ಅವಳೇ ಹೋಗಿ ಕೇಳಿದಳು. ಸಮಿತಿಯಲ್ಲಿ ಒಟ್ಟು ನಾಲ್ವರು: ಪ್ರಿನ್ಸಿಪಾಲರು, ಅಕೌಂಟೆಂಟ್, ಕಂಪ್ಯೂಟರ್ ಮೇಷ್ಟ್ರು ಮತ್ತು ಅವಳು.

"ಎರಡೂ ಬದಿ ತಾನಾಗೇ ಅಚ್ಚಾಗ್ಬೇಕು," ಎಂದರು ಕಂಪ್ಯೂಟರ್ ಮೇಷ್ಟ್ರು.

"ಬಣ್ಣದ ಪುಡಿ ಬೇಗ ಖಾಲಿಯಾಗ್ಬಾರ್ದು," ಎಂದರು ಅಕೌಂಟೆಂಟ್.

"ನೋಡೋಕೆ ಗಂಭೀರವಾಗಿರ್ಲಿ. ನನ್ನ ಕೋಣೆ ಪಕ್ಕ ಇಡೋದು," ಎಂದರು ಪ್ರಿನ್ಸಿಪಾಲರು.

"ಗುಲಾಬಿ ಗುಲಾಬಿಯಾಗೇ ಬರ್ಬೇಕು, ನೇರಳೆ ನೇರಳೆಯಾಗೇ ಬರ್ಬೇಕು," ಎಂದಳು ಅವಳು. ಮೂವರೂ ನಕ್ಕರು. ಬಣ್ಣದ ಪ್ರಿಂಟರ್ ಅಂದಮೇಲೆ ಅದಲ್ಲದೆ ಇನ್ನೇನು ಬರುತ್ತದೆ?

ಇಬ್ಬರು ವ್ಯಾಪಾರಿಗಳು ಒಂದೊಂದು ಯಂತ್ರ ಹೊತ್ತು ತಂದರು, ಒಂದು ಬಿಳಿ, ಇನ್ನೊಂದು ಕಪ್ಪು. ಇಬ್ಬರೂ ತಂತಮ್ಮ ಮಾದರಿ ಚಿತ್ರ ಅಚ್ಚು ಹಾಕಿ ತೋರಿಸಿದರು. ಇಬ್ಬರದೂ ಗಿಣಿ. ಎರಡೂ ಗಿಣಿಗಳು ಇನ್ನೇನು ಹಾಳೆಯಿಂದ ಹಾರಿಹೋಗುವಂತಿದ್ದವು.

"ನಮ್ಮ ಕಾಲೇಜಲ್ಲಿ ಗಿಣಿ ಯಾರೂ ಓದ್ತಿಲ್ಲ," ಎಂದಳು ಗುಲಾಬಿ ಮೇಡಂ. "ನಮ್ಮ ಚಿತ್ರ ಹಾಕಿ ತೋರ್ಸಿ." ತನ್ನ ಜೀವಕೋಶದ ಚಿತ್ರ ಕೊಟ್ಟಳು.

"ಸರಿಯಾದ ಮಾತು," ಎಂದರು ಪ್ರಿನ್ಸಿಪಾಲರು ಉತ್ಸಾಹದಿಂದ. "ಮನುಷ್ಯರ ಮುಖಾನೂ ಒಂದಿರ್ಲಿ. ನನ್ನ ಫೋಟೋನೇ ಹಾಕಿ."

ಕೆಟ್ಟಿದ್ದು ಅಲ್ಲೇ.

ಬಿಳಿ ಯಂತ್ರದಿಂದ ಬಂದ ಜೀವಕೋಶ ಒಂದೇ ಬಣ್ಣದ ಮುದ್ದೆ, ನಾದಿಟ್ಟ ಹಿಟ್ಟಿನ ಹಾಗೆ. ನಡುವಿನ ನೇರಳೆ ಹೋದ ದಾರಿಯೇ ಗೊತ್ತಿಲ್ಲ. ಆದರೆ ಅದೇ ಯಂತ್ರದಿಂದ ಬಂದ ಪ್ರಿನ್ಸಿಪಾಲರು! ಕೂದಲು ಕಾಡಿಗೆ ಕಪ್ಪು, ಕೆನ್ನೆ ನುಣುಪು, ಕಣ್ಣ ಕೆಳಗಿನ ಚೀಲಗಳು ಮಾಯ. ಮದುವೆಗೆ ಮುಂಚಿನ ವಯಸ್ಸು. ಕಪ್ಪು ಯಂತ್ರದಲ್ಲಿ ಜೀವಕೋಶ ಕಣ್ಣಿಗೆ ಕಟ್ಟುವ ಹಾಗೆ ಬಂತು. ಪ್ರಿನ್ಸಿಪಾಲರೂ ಹಾಗೇ ಬಂದರು: ಚೀಲ ಚೀಲವಾಗಿ, ಚುಕ್ಕೆ ಚುಕ್ಕೆಯಾಗಿ, ಕೂದಲಿಗೆ ಹಚ್ಚಿದ ಬಣ್ಣ ಕಿವಿಯ ಬಳಿ ತುಕ್ಕಿನಂತೆ ಕೆಂಪಾಗಿ.

ಪ್ರಿನ್ಸಿಪಾಲರು ಆ ಹಾಳೆಯನ್ನು ಮೇಜಿನ ಮೇಲೆ ಮೆಲ್ಲಗೆ ಬೋರಲು ಹಾಕಿದರು.

"ಕಪ್ಪು ಮಿಷನ್ನಲ್ಲಿ ಏನೋ... ಸ್ಪಷ್ಟತೆ ಕಮ್ಮಿ ಅನ್ಸಲ್ವಾ?"

"ಕಮ್ಮಿ ಸರ್," ಎಂದರು ಅಕೌಂಟೆಂಟ್.

"ಬಿಳೀದು ವೇಗಾನೂ ಜಾಸ್ತಿ," ಎಂದರು ಕಂಪ್ಯೂಟರ್ ಮೇಷ್ಟ್ರು, ಯಾರ ಮುಖವನ್ನೂ ನೋಡದೆ.

"ಸರ್, ಬಿಳೀದ್ರಲ್ಲಿ ನೇರಳೆನೇ ಇಲ್ಲ!"

"ಅಷ್ಟು ಸೂಕ್ಷ್ಮವಾಗಿ ಯಾರು ನೋಡ್ತಾರೆ ಮೇಡಂ?"

"ಪರೀಕ್ಷೆ ಮಾಡೋರು ನೋಡ್ತಾರೆ ಸರ್."

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಿಜವಾದ ಕಾರಣ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ವ್ಯಾಪಾರಿಗಳಿಗೂ ಗೊತ್ತಿತ್ತು, ಕಪ್ಪು ಯಂತ್ರದವನು ಆಗಲೇ ವೈರು ಸುತ್ತತೊಡಗಿದ್ದ. ಅವಳೂ ಬಾಯಿ ಬಿಡಲಿಲ್ಲ. ಒಂದಕ್ಕೆ ಮೂರು ಮತದಿಂದ ಬಿಳಿ ಯಂತ್ರ ಗೆದ್ದಿತು.

ಸಂಜೆ ಮನೆಯಲ್ಲಿ ಮಗಳ ಬಾಯಿ ಒರೆಸುತ್ತ ಅವಳು ಇದನ್ನೆಲ್ಲ ಕಾರಿಕೊಂಡಳು. ಸಿಟ್ಟು ಕೈಗಿಳಿದಿತ್ತು. ಒರೆಸುವ ರಭಸಕ್ಕೆ ಮಗು "ಅಮ್ಮಾ, ಮೂಗು ಕಿತ್ ಬರುತ್ತೆ!" ಎಂದು ಚೀರಿತು. ಅವಳು ಬಟ್ಟೆ ಬಿಸಾಕಿ ಆ ಮೂಗಿಗೊಂದು ಮುತ್ತು ಕೊಟ್ಟಳು.

ಅತ್ತೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಮುಖ ನೋಡಿ ಮಣೆ ಹಾಕೋದು ಕೇಳಿದ್ದೆ ಕಣೇ. ಮುಖ ನೋಡಿ ಮಿಷನ್ ತರೋದು ಇದೇ ಮೊದಲು. ನನ್ನದೂ ಒಂದು ಫೋಟೋ ಒಯ್ದು ಅದರಲ್ಲಿ ತೆಗೆಸ್ಕೊಂಡು ಬಾ."

"ನಿಮಗೆ ತಮಾಷೆ ಅತ್ತೆ."

"ನೀನು ಅಲ್ಲೇ ಬಾಯಿಬಿಟ್ಟು ಹೇಳ್ಬೇಕಿತ್ತು. ಈಗ ನನ್ನ ಮುಂದೆ, ಈ ಪಾಪದ ಮೂಗಿನ ಮುಂದೆ ಕೂಗಾಡಿದ್ರೆ ಏನು ಬಂತು?"

ಆ ಮಾತು ನೇರವಾಗಿ ನಾಟಿತು.

ಯಂತ್ರ ಕೂರಿಸಲು ಬಂದ ಮೆಕ್ಯಾನಿಕ್ ಅವಳ ಮುದ್ದೆ ಚಿತ್ರ ನೋಡಿ ತಲೆ ಕೆರೆದುಕೊಂಡ. "ಇದರಲ್ಲಿ ಎರಡು ಥರ ಇದೆ ಮೇಡಂ. ಒಂದು ಅಂದದ ಬಣ್ಣ, ಇನ್ನೊಂದು ಇದ್ದ ಬಣ್ಣ. ಅಂದದ ಬಣ್ಣ ಹಾಕಿದ್ರೆ ಚರ್ಮದ ಥರ ಇರೋದನ್ನೆಲ್ಲ ತಾನೇ ನುಣ್ಣಗೆ ಮಾಡುತ್ತೆ. ಬೇಡ ಅಂದ್ರೆ ಇಲ್ಲಿ ಒತ್ತಿ." ಒತ್ತಿದ. ನೇರಳೆ ಬಂದುಬಿಟ್ಟಿತು.

ಅವಳಿಗೆ ಕುಣಿಯುವಷ್ಟು ಖುಷಿ, ಆದರೆ ಎರಡೇ ವಾರ. ಪ್ರತಿ ಸಲ ಬದಲಾಯಿಸಿ, ತನ್ನ ಹಾಳೆ ತೆಗೆದು, ಮತ್ತೆ ಅಂದಕ್ಕೆ ತಿರುಗಿಸಿ ಬರುತ್ತಿದ್ದಳು, ಕದ್ದು ಸಕ್ಕರೆ ತಿಂದ ಮಗು ಡಬ್ಬಿ ಮುಚ್ಚಿಡುವ ಹಾಗೆ. ಒಂದು ದಿನ ಮಗಳಿಗೆ ಜ್ವರ ಎಂದು ಶಾಲೆಯಿಂದ ಫೋನ್ ಬಂತು. ಹಾಳೆ ಎತ್ತಿಕೊಂಡು ಓಡಿದಳು. ತಿರುಗಿಸುವುದು ಮರೆತುಹೋಯಿತು.

ಮರುದಿನ ಕಾಲೇಜಿನ ಪರಿಚಯ ಪುಸ್ತಿಕೆಗಳು ಅಚ್ಚಾಗಿ ಪ್ರಿನ್ಸಿಪಾಲರ ಮೇಜಿನ ಮೇಲೆ ಕೂತಿದ್ದವು. ಮೊದಲ ಪುಟದಲ್ಲಿ ಅವರು, ಇದ್ದಂತೆ.

"ಮಿಷನ್ ಕೆಟ್ಟೋಗಿದೆ. ಮೆಕ್ಯಾನಿಕ್‌ನ ಕರೀರಿ," ಎನ್ನುತ್ತಿದ್ದರು. ಅಕೌಂಟೆಂಟ್ ನೆಲ ನೋಡುತ್ತಿದ್ದರು, ಕಂಪ್ಯೂಟರ್ ಮೇಷ್ಟ್ರು ಸೂರು.

"ಕೆಟ್ಟಿಲ್ಲ ಸರ್," ಎಂದಳು ಬಾಗಿಲಲ್ಲಿ ನಿಂತ ಗುಲಾಬಿ ಮೇಡಂ. "ನಾನು ಬಣ್ಣ ಬದಲಾಯಿಸಿದ್ದೆ. ಪರೀಕ್ಷೆ ಹತ್ರ ಬಂತು, ನನ್ನ ಹಾಳೆಗಳಿಗೆ ಬೇಕಿತ್ತು."

"ಯಾರನ್ನ ಕೇಳಿ ಬದಲಾಯ್ಸಿದ್ರಿ? ಮೇಷ್ಟ್ರೇ, ಅದಕ್ಕೊಂದು ಗುಪ್ತಸಂಖ್ಯೆ ಹಾಕಿ. ಇನ್ಮೇಲೆ ಯಾರೂ ಮುಟ್ಟಕೂಡ್ದು."

"ಅರ್ಧ ಪಾಠದ ಹಾಳೆ ಬಾಕಿ ಇದೆ ಸರ್. ಸೋಮವಾರ ಪರೀಕ್ಷೆ."

"ಇಡೀ ಕಾಲೇಜಿನ ಮರ್ಯಾದೆ ಈ ಪುಸ್ತಿಕೇಲಿದೆ ಮೇಡಂ!"

ಅವಳ ನಾಲಿಗೆ ಈ ಸಲ ತಡೆಯಲಿಲ್ಲ. "ನಿಮ್ಮ ಮುಖ ಯಾರಿಗೂ ಪರೀಕ್ಷೆಗೆ ಬರಲ್ಲ ಸರ್. ಜೀವಕೋಶ ಬರುತ್ತೆ."

ಅಕೌಂಟೆಂಟ್‌ಗೆ ಎಲ್ಲಿಂದಲೋ ಕೆಮ್ಮು ಬಂತು. ಪ್ರಿನ್ಸಿಪಾಲರು ಪುಸ್ತಿಕೆಯನ್ನು ಕೈಗೆತ್ತಿಕೊಂಡು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ನಾನು ಇಷ್ಟು ವಯಸ್ಸಾದವನ ಥರ ಕಾಣ್ತೀನಾ?"

ಇಲ್ಲ ಸರ್ ಎಂದಿದ್ದರೆ ಕೆಲಸ ಸಲೀಸಾಗುತ್ತಿತ್ತು. "ಕಾಣ್ತೀರಿ ಸರ್," ಎಂದಳು ಅವಳು, ಮೆಲ್ಲಗೆ. "ನಮಗೆಲ್ಲ ಅಭ್ಯಾಸ ಆಗಿದೆ."

ಅವರು ಪುಸ್ತಿಕೆ ಕೆಳಗಿಟ್ಟರು. "ಶನಿವಾರ ಮಧ್ಯಾಹ್ನ. ಆಫೀಸು ಮುಚ್ಚಿದ ಮೇಲೆ ಮಾಡ್ಕೊಳ್ಳಿ. ಹೋಗುವಾಗ ಮತ್ತೆ ಅಂದಕ್ಕೆ ತಿರುಗ್ಸಿ. ಈ ಪುಸ್ತಿಕೆಗಳೆಲ್ಲ ಮತ್ತೆ ಅಚ್ಚಾಗ್ಲಿ."

ಮಗಳಿಗೆ ಬೂಟು ಕೊಡಿಸುತ್ತೇನೆಂದು ಮಾತು ಕೊಟ್ಟಿದ್ದ ಶನಿವಾರ ಅದು. ಅತ್ತೆ ಕರೆದುಕೊಂಡು ಹೋದರು. ಇವಳು ಖಾಲಿ ಕಟ್ಟಡದಲ್ಲಿ ಯಂತ್ರದ ಮುಂದೆ ನಿಂತು ಹಾಳೆ ತುಂಬಿದಳು. ಎರಡು ಸಲ ಸಿಕ್ಕಿಕೊಂಡಿದ್ದನ್ನು ಉಗುರು ಮುರಿದುಕೊಂಡು ಎಳೆದಳು. ಕಾರಿಡಾರಿನಲ್ಲಿ ಕಾಯುತ್ತಿದ್ದ ವಿದ್ಯಾರ್ಥಿಗಳಿಗೆ ಬಿಸಿಬಿಸಿ ಹಾಳೆಗಳನ್ನು ಹಂಚಿದಳು.

ತರಗತಿಯಲ್ಲಿ ಹಿಂದಿನ ಸಾಲಲ್ಲಿ ಕೂರುವ ಹುಡುಗಿಯೊಬ್ಬಳು ತನ್ನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಮೇಡಂ, ನೇರಳೆ ನೇರಳೆ ಅಂತ ವರ್ಷವೆಲ್ಲ ಹೇಳ್ತಿದ್ದಿದ್ದು ಇದನ್ನೇನಾ? ನಾವು ಸುಮ್ನೆ ಬಾಯಿಪಾಠ ಮಾಡ್ಕೊಂಡಿದ್ವಿ."

ಗುಲಾಬಿ ಮೇಡಂಗೆ ನಗಬೇಕೋ ಯಾರನ್ನಾದರೂ ಹಿಡಿದು ಬಡಿಯಬೇಕೋ ತಿಳಿಯಲಿಲ್ಲ. "ಇದನ್ನೇ ಕಣಮ್ಮ," ಎಂದಳು. "ಇನ್ನು ಒಂದೂವರೆ ದಿನ ಇದೆ. ಹೋಗಿ, ಕಣ್ತುಂಬ ನೋಡ್ಕೊಳ್ಳಿ."

ಅವರು ಹೋದ ಮೇಲೆ ಒಳಗೆ ಬಂದು, ಯಂತ್ರವನ್ನು ಅಂದದ ಬಣ್ಣಕ್ಕೆ ತಿರುಗಿಸಿದಳು. ಬೇಕಾದ್ದಕ್ಕಿಂತ ತುಸು ಜೋರಾಗಿಯೇ ಒತ್ತಿದಳು.