ತಂಬೂರದ ಬಂಬ

ಗೀಜರ್ ಸೋರುತ್ತಿದೆ ಎಂದು ಕರೆಸಿದ್ದ ನಳದ ರಿಪೇರಿಯವನು ಅದನ್ನು ಎರಡು ಸಲ ಬಡಿದು ನೋಡಿ, "ಇದರದು ಮುಗೀತ್ರಿ ಅಕ್ಕಾರ, ಹೊಸಾದು ಹಾಕಸ್ರಿ" ಎಂದ. ನಾನು ಹ್ಞೂಂ ಎಂದುಬಿಟ್ಟೆ. ಅಷ್ಟು ಸಲೀಸಾಗಿ ಒಪ್ಪಿಕೊಂಡೆನಲ್ಲ ಎಂದು ಆಮೇಲೆ ನನಗೇ ಕಸಿವಿಸಿಯಾಯಿತು. ಸೋರಿದ್ದನ್ನು ಎಸೆಯುವ ಮನೆತನವೇ ಅಲ್ಲ ನಮ್ಮದು.

ಎಂಬತ್ತರ ದಶಕದಲ್ಲಿ ನಾನು ಚೊಚ್ಚಲ ಬಾಣಂತನಕ್ಕೆ ತವರಿಗೆ, ಅಂದರೆ ಮೊರಬಕ್ಕೆ, ಬಂದಾಗ ಅಲ್ಲಿ ನೀರು ಕಾಯಿಸುತ್ತಿದ್ದದ್ದು ಬಂಬ. ನೋಡದವರಿಗಾಗಿ ಹೇಳುತ್ತೇನೆ: ಸೊಂಟದೆತ್ತರದ ತಾಮ್ರದ ಪೀಪಾಯಿ, ನಡುವೆ ಕೊಳವೆ, ಕೊಳವೆಯೊಳಗೆ ಹತ್ತಿಕಟ್ಟಿಗೆಯ ಬೆಂಕಿ, ಸುತ್ತಲೂ ನೀರು, ಬಾಜೂಕ್ಕೊಂದು ನಳ. ಬಚ್ಚಲಲ್ಲಿ ಅದು ಮದುವೆಮನೆಯ ಬೀಗರ ಹಾಗೆ ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿರುತ್ತಿತ್ತು.

ಅದು ಅವ್ವನ ತವರೂರಾದ ತಂಬೂರದ್ದು. ನಾನು ಹುಟ್ಟಿದಾಗ ಅವ್ವನ ತಾಯಿ, ತಂಬೂರದ ಗೌರವ್ವ, ಮಗಳನ್ನೂ ಕೂಸನ್ನೂ ಬಸ್ಸಿನೊಳಗೆ ಕೂಡಿಸಿ ಹೊಸ ಬಂಬವನ್ನು ಬಸ್ಸಿನ ಮೇಲೆ ಕಟ್ಟಿಸಿ ಕಳಿಸಿದ್ದಳಂತೆ. ಹೀಗಾಗಿ ಬಂಬಕ್ಕೂ ನನಗೂ ಒಂದೇ ವಯಸ್ಸು. ಸೋರಲು ಸುರು ಮಾಡಿದ್ದು ಮಾತ್ರ ನನಗಿಂತ ಅದೇ ಮೊದಲು.

ನಮ್ಮ ಕಡೆ ಕೊಟ್ಟ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಇರಲೇಬೇಕು. ಅಂಗಡಿಯವನು ಸಣ್ಣ ಉಳಿಯಿಂದ ಟಕ್ ಟಕ್ ಎಂದು ಚುಕ್ಕಿ ಹೊಡೆದು ಬರೆದುಕೊಡುತ್ತಿದ್ದ. ಎಷ್ಟೋ ಮನೆಗಳಲ್ಲಿ ಅಕ್ಷರ ಎಂಬುದು ಇದ್ದದ್ದು ತಂಬಿಗೆ, ಪರಾತಗಳ ಮೇಲಷ್ಟೇ. ನಮ್ಮ ಬಂಬದ ನಳದ ಮೇಲ್ಗಡೆ "ತಂಬೂರ ಗೌರವ್ವ" ಎಂದಿತ್ತು. ಓದು ಬಾರದ ಅವ್ವನಿಗೆ ಆ ಎರಡು ಮಾತು ಮಾತ್ರ ಓದಲು ಬರುತ್ತಿತ್ತು, ಅದೂ ಬೆರಳಿನಿಂದ. ಅಜ್ಜಿ ಎಂದೋ ತೀರಿಕೊಂಡಿದ್ದಳು. ಅವಳದೊಂದು ಫೋಟೋ ಕೂಡ ಇರಲಿಲ್ಲ.

ಸೋಮವಾರ ಬಂತೆಂದರೆ ಅವ್ವ ಹುಣಸೆಹಣ್ಣು, ಬೂದಿ ಹಿಡಿದು ಬಂಬದ ಮುಂದೆ ಕುಕ್ಕರಗಾಲಿನಲ್ಲಿ ಕೂಡುವವಳು. ಎಲ್ಲ ಕಡೆ ಒಂದು ಕೈ ತಿಕ್ಕಿದರೆ ಹೆಸರಿನ ಮೇಲೆ ನಾಲ್ಕು ಕೈ ಜಾಸ್ತಿ. ತವರಿನ ಹೆಸರು ಫಳಫಳ ಹೊಳೆಯಬೇಡವೇ? ಕೊನೆಗೆ ತೂತು ಬಿದ್ದದ್ದೂ ಅಲ್ಲಿಯೇ. ಅಪ್ಪ ಜೋಳದ ಹಿಟ್ಟು ನಾದಿ ಮೆತ್ತಿದ. ಬಂಬ ಅದನ್ನು ಬೇಯಿಸಿ ರೊಟ್ಟಿ ಮಾಡಿತೇ ಹೊರತು ಸೋರುವುದನ್ನು ಬಿಡಲಿಲ್ಲ. ನನಗೋ ದಿನಾ ಹಂಡೆಗಟ್ಟಲೆ ಬಿಸಿನೀರು ಬೇಕು.

"ಹುಬ್ಬಳ್ಳ್ಯಾಗ ಇದನ್ನ ಕೊಟ್ಟು ಹೊಸಾದ ತರೂಣು" ಎಂದ ಅಪ್ಪ.

"ಅದರ ಮ್ಯಾಲೆ ನಮ್ಮವ್ವನ ಹೆಸರೈತ್ರಿ!"

"ಎಲ್ಲೈತಿ? ತೋರಸು ನೋಡೂಣು."

ಅವ್ವ ಸೆರಗಿನಿಂದ ನೀರೊರೆಸಿ ಬೆರಳಾಡಿಸಿದಳು. ಮತ್ತೆ ಆಡಿಸಿದಳು. ತಾಮ್ರ ನುಣ್ಣಗಿತ್ತು. ಒಂದು ಚುಕ್ಕಿಯೂ ಉಳಿದಿರಲಿಲ್ಲ.

"ನಾನ ತಿಕ್ಕಿ ತಿಕ್ಕಿ ಅಳಿಸಿಬಿಟ್ನೇನ್ರಿ?" ಎಂದಳು. ತಂಬೂರ ಎಂದರೆ ಸಾಕು, ಚೇಷ್ಟೆಗೆ ನಿಲ್ಲುತ್ತಿದ್ದ ಅಪ್ಪ ಈ ಸಲ ಬಗ್ಗಿ ತಾನೂ ಆ ಜಾಗದ ಮೇಲೆ ಬೆರಳಾಡಿಸಿ ನೋಡಿದ.

ಮರುದಿನ ಅಪ್ಪ ಬಂಬಕ್ಕೆ ನವಲಗುಂದದ ಜಮಖಾನೆ ಸುತ್ತಿ ಹುಬ್ಬಳ್ಳಿ ಬಸ್ಸಿಗೆ ಹೇರಿಕೊಂಡು ಹೋದ. ಅವ್ವ ಹೊಸ್ತಿಲಿಗೂ ಬರಲಿಲ್ಲ. ತೊಟ್ಟಿಲು ತೂಗುತ್ತ ಗೋಡೆ ನೋಡುತ್ತ ಕೂತಳು. ಕೂಸು ಮಲಗಿ ಎಷ್ಟೋ ಹೊತ್ತಾಗಿತ್ತು.

ಸಂಜೆ ಅಪ್ಪ ಬಂದು ಜಮಖಾನೆ ಬಿಚ್ಚಿದರೆ, ಅದೇ ಬಂಬ! ನಳದ ಮೇಲ್ಗಡೆ ಅಂಗೈಯಷ್ಟು ಹೊಸ ತಾಮ್ರದ ತೇಪೆ. ತೇಪೆಯ ಮೇಲೆ ಚುಕ್ಕಿಗಳು.

"ಅಂಗಡ್ಯಾಂವ ನಿಮ್ಮ ಹೆಸರು ಹಾಕ್ಲೇನ್ರಿ ಅಂದ. ಬ್ಯಾಡೋ ಮಾರಾಯಾ, ನಮ್ಮತ್ತಿ ಹೆಸರು ಹಾಕು, ಇಲ್ಲಾಂದ್ರ ಮನ್ಯಾಗ ನನಗ ಬಿಸಿನೀರು ಸಿಗೂದುಲ್ಲ ಅಂದ್ನಿ" ಎಂದು ಅಪ್ಪ ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕಿದ.

ಅವ್ವ ಚುಕ್ಕಿಗಳ ಮೇಲೆ ಬೆರಳಿಟ್ಟಳು. ಮೆಲ್ಲಗೆ ಕೊನೆಯ ತನಕ ಓದಿದಳು. ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು. ಆದರೂ ಸೋಲಲು ಮನಸ್ಸಿಲ್ಲ: "ಅಕ್ಷರ ತುಸು ಸೊಟ್ಟ ಬಂದಾವ್ರಿ" ಎಂದಳು.

ಅಂದಿನಿಂದ ಅವ್ವ ಬಂಬವನ್ನೆಲ್ಲ ತಿಕ್ಕಿ ಆ ತೇಪೆಯನ್ನು ಮಾತ್ರ ಬಿಡತೊಡಗಿದಳು. ಸುತ್ತಲೂ ಬಂಗಾರದ ಹೊಳಪು, ನಡುವೆ ಅಂಗೈಯಷ್ಟು ಕಪ್ಪು. ಓಣಿಯ ಹೆಂಗಸರು ಸುಮ್ಮನಿರುತ್ತಾರೆಯೇ? "ಅಲ್ಲೊಂದೀಟು ಬಿಟ್ಟೀಯಲ್ಲ ಬೇ" ಎನ್ನುತ್ತಿದ್ದರು. "ಇರ್ಲಿ ಬಿಡವಾ, ಅಕಿ ಹಂಗ ಇರ್ಲಿ" ಎನ್ನುತ್ತಿದ್ದಳು ಅವ್ವ. ತಿಕ್ಕುವುದೂ ಪ್ರೀತಿಯೇ, ತಿಕ್ಕದೆ ಬಿಡುವುದೂ ಪ್ರೀತಿಯೇ. ಎರಡನೆಯದನ್ನು ಕಲಿಯಲು ಅವ್ವನಿಗೆ ಒಂದು ಬಂಬವೇ ಸವೆಯಬೇಕಾಯಿತು.

ಈಗ ಬಂಬ ನನ್ನ ಮನೆಯ ಪಡಸಾಲೆಯಲ್ಲಿದೆ. ಗೀಜರ್ ಬಿಚ್ಚಿ ಹೊರಟ ರಿಪೇರಿಯವನ ಕಣ್ಣು ಅದರ ಮೇಲೆ ಬಿತ್ತು. "ಅಕ್ಕಾರ, ಈ ಹಳೇ ತಾಮ್ರಾನೂ ಕೊಡ್ತೀರೇನ್ರಿ?"

"ನೀ ಆ ಗೀಜರ್ ಒಯ್ಯಪಾ" ಎಂದೆ. "ಅದರ ಮ್ಯಾಲೆ ಬರೇ ಕಂಪನಿ ಹೆಸರೈತಿ."