ಸೈಕಲ್ಲು ಕೊಟ್ಟು ತಂದ ಆಟದ ಪುಸ್ತಕ

ಈ ಅನುಭವಕ್ಕೆ ನಾನು ತೆತ್ತದ್ದು ಒಂದು ಸೈಕಲ್ಲು. ಅದೂ ಯುದ್ಧದ ಕಾಲದಲ್ಲಿ, ಟೈರು ಟ್ಯೂಬು ಕಣ್ಣಿಗೂ ಬೀಳದಿದ್ದಾಗ. ಯಾಕೆ ಕೊಟ್ಟೆನೆಂದರೆ, ನಮ್ಮ ಸೀಮೆಯ ಬಯಲಾಟಗಳ ಮೇಲೆ ಪುಸ್ತಕ ಬರೆಯುವ ಹುಚ್ಚು ಆಗ ನನಗೆ ಹತ್ತಿತ್ತು. ದೆವ್ವ, ಮಾಟ, ಶಕುನ ಯಾವುದನ್ನೂ ನಂಬಿದವನಲ್ಲ ನಾನು. ಸಂತೆಯಲ್ಲಿ ಬಳೆ ಮಾರಿ, ಓದಿ, ಮಳವಳ್ಳಿಯಲ್ಲಿ ಮೇಷ್ಟ್ರಾದವನಿಗೆ ಅಂಥದ್ದಕ್ಕೆಲ್ಲ ಪುರುಸೊತ್ತೆಲ್ಲಿ? ಇವತ್ತು ನಂಬುತ್ತೀರಾ ಎಂದು ಮಾತ್ರ ಕೇಳಬೇಡಿ. ನಡೆದದ್ದನ್ನು ಹೇಳುತ್ತೇನೆ.

ಆತಗೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ನಿಂಗಪ್ಪ ಎಂಬ ಮುದುಕರಿದ್ದರು. ಅವರು ಭಾಗವತರಲ್ಲ; ಭಾಗವತರ ಬೆನ್ನ ಹಿಂದೆ ನಿಂತು ಜೀವಮಾನವೆಲ್ಲ ದನಿ ಎತ್ತಿದವರು. ಬಯಲಾಟದಲ್ಲಿ ಭಾಗವತರು ಒಂದು ಸಾಲು ಹಾಡಿದರೆ ಹಿಂದಿನವರು ಅದರ ಕೊನೆ ಹಿಡಿದು ಎಳೆದು ಹಾಡಬೇಕು. ಭಾಗವತರು ತೀರಿಕೊಂಡ ಮೇಲೆ ಅವರ ಕೈಬರಹದ ಆಟದ ಪುಸ್ತಕ ಇವರ ಮನೆಯ ಗೋಡೆಗೂಡಿನಲ್ಲಿ ಉಳಿದಿತ್ತು. ಬೇರೆ ಪ್ರತಿ ಎಲ್ಲೂ ಇರಲಿಲ್ಲ. ನಿಂಗಪ್ಪನವರಿಗೋ ಲಕ್ವ ಹೊಡೆದು ಎರಡು ವರ್ಷದಿಂದ ಮಾತು ನಿಂತುಹೋಗಿತ್ತು.

ವ್ಯಾಪಾರಕ್ಕೆ ಕೂತವಳು ಅವರ ಮಗಳು ಪುಟ್ಟಮ್ಮ. ನಾನು ಮೊದಲು ಒಂದು ಶಾಲು ಕೊಡುತ್ತೇನೆ ಎಂದೆ.

"ಸಾಲು ಒದ್ಕಂಡು ನಾನೇನು ದಿವಾನ್ರ ಮನೆ ಮದ್ವೆಗೆ ಓಗ್ಲಾ ಮೇಷ್ಟ್ರೆ? ನಮ್ಮನೆಯೋರು ದಿನಾ ಮದ್ದೂರು ಅಕ್ಕಿ ಗಿರಣಿಗೆ ನಡೆದೂ ನಡೆದೂ ಕಾಲು ಸವೆಸ್ಕಂಡವ್ರೆ. ಆ ಸೈಕಲ್ಲು ಬುಟ್ಟೋಗಿ, ಈ ಪುಸ್ತಕ ತಕ್ಕಂಡೋಗಿ."

"ಗೆದ್ದಲು ತಿಂದ ಪುಸ್ತಕಕ್ಕೆ ಸೈಕಲ್ಲಾ ತಾಯಿ?"

"ಗೆದ್ಲು ತಿನ್ನದೆ ಬುಟ್ಟಿರೋದೂ ಐತಲ್ಲ, ಅದುಕ್ಕೆ."

ಸೋತೆ. ಅಷ್ಟು ಕೆಟ್ಟದಾಗಿ ನಾನು ಸೋತ ವ್ಯಾಪಾರ ಅದೊಂದೇ.

ಹೊರಡುವಾಗ ಮುದುಕರು ಎಡಗೈ ಎತ್ತಿ ತಮ್ಮ ಬೆನ್ನ ಹಿಂದೆ ತೋರಿಸಿ ತೋರಿಸಿ ಏನೋ ಹೇಳಲು ಒದ್ದಾಡಿದರು. "ಅದು ಅವ್ರ ಮೇಳದ ಕಟ್ಲೆ ಮೇಷ್ಟ್ರೆ. ಇಂದೆ ದನಿ ಎತ್ತೋರಿಲ್ದೆ ಒಬ್ಬರೇ ಪದ ಏಳ್ಬಾರ್ದು. ಸುರು ಮಾಡುದ್ರೆ ಮಂಗಳದ ಗಂಟ ಬುಡಬಾರ್ದು," ಎಂದಳು ಪುಟ್ಟಮ್ಮ. ಆಗಲಿ ಎಂದು ತಲೆಯಾಡಿಸಿದೆ. ತಲೆಯಾಡಿಸುವುದಕ್ಕೆ ಖರ್ಚೇನು?

ಭಾನುವಾರ ಮಧ್ಯಾಹ್ನ ಮಳವಳ್ಳಿಯ ನನ್ನ ಕೋಣೆಯಲ್ಲಿ ಪ್ರತಿ ಮಾಡಲು ಕೂತೆ. ಹಳೆಯ ಪುಸ್ತಕಗಳಲ್ಲಿ ಪದಗಳನ್ನು ಸಾಲು ಮುರಿಯದೆ ಒತ್ತಾಗಿ ಬರೆದಿರುತ್ತಾರೆ. ಬಾಯಿಬಿಟ್ಟು ಹಾಡಿದರೆ ಮಾತ್ರ ಸಾಲು ಎಲ್ಲಿ ನಿಲ್ಲುತ್ತದೆಂದು ತಿಳಿಯುತ್ತದೆ. ಹಾಗಾಗಿ ಒಬ್ಬನೇ ಹಾಡುತ್ತ ಬರೆಯುತ್ತ ಹೋದೆ. ದೊರೆಯೊಬ್ಬ ಹೆಂಡತಿಯನ್ನು ಬಿಟ್ಟು ಹೊರಡುವ ಕಡೆ ಬಂತು. 'ಕೊಟ್ಟ ಮಾತಿಗೆ' ಎಂದು ಶುರುವಾಗುವ ಸಾಲಿನ ಮುಂದಿನ ಭಾಗವನ್ನು ಗೆದ್ದಲು ತಿಂದಿತ್ತು. ಅಲ್ಲಿಗೆ ನಿಲ್ಲಿಸಿದೆ.

ನನ್ನ ಬೆನ್ನ ಹಿಂದೆ ಒಂದು ದನಿ ಆ ಸಾಲನ್ನು ಎತ್ತಿಕೊಂಡಿತು.

"ಕೊಟ್ಟ ಮಾತಿಗೆ ಚಿಲಕ ಹಾಕಿ ಎಲ್ಲಿಗೆ ಹೊರಟೆಯೊ ದೊರೆಯೇ..."

ಒರಟು ದನಿ, ಆದರೆ ಶ್ರುತಿ ತಪ್ಪಿರಲಿಲ್ಲ. ತಿರುಗಿದೆ. ಬರೀ ಗೋಡೆ. ಗೋಡೆಯಾಚೆ ಹುಣಸೆಹಣ್ಣಿನ ಗೋದಾಮು. ಎದ್ದು ಹೋಗಿ ನೋಡಿದೆ, ಬೀಗ ಹಾಕಿತ್ತು. ಬೀದಿಯಲ್ಲಿ ಬಿಸಿಲು ಬಿಟ್ಟರೆ ನರಪಿಳ್ಳೆಯಿಲ್ಲ. ಒಳಗೆ ಬಂದು ಪುಸ್ತಕ ಮುಚ್ಚಲು ಹೋದೆ. ಆದರೂ, ನಿಜ ಹೇಳಬೇಕಲ್ಲ, ಆಸೆ ಬಿಡಲಿಲ್ಲ. ಗೆದ್ದಲು ತಿಂದ ಇನ್ನೊಂದು ಜಾಗ ಬಂದಾಗ ಬೇಕೆಂದೇ ನಿಲ್ಲಿಸಿದೆ. ದನಿ ತುಂಬಿಕೊಟ್ಟಿತು. ಏಳು ಕಡೆ ಹೀಗೇ ನಿಲ್ಲಿಸಿ ಬರೆದುಕೊಂಡೆ. ಮತ್ತೆ ಹಿಂದೆ ತಿರುಗಿ ನೋಡಲಿಲ್ಲ. ಕೊನೆಗೆ ಮಂಗಳದ ಪದವೊಂದು ಉಳಿಯಿತು. ಎಲ್ಲಾ ಆಟದ ಮಂಗಳವೂ ಹೆಚ್ಚುಕಮ್ಮಿ ಒಂದೇ, ಕಾಗದಕ್ಕೆ ಇಷ್ಟು ಬರವಿರುವಾಗ ಒಂದು ಹಾಳೆ ಯಾಕೆ ದಂಡ ಎಂದು ಪುಸ್ತಕ ಮುಚ್ಚಿ ಬೀದಿಗೆ ಬಂದುಬಿಟ್ಟೆ.

ಮೂರನೆಯ ದಿನ ಪುಟ್ಟಮ್ಮನ ಗಂಡ ಕೆಂಪಯ್ಯ ನನ್ನದೇ ಸೈಕಲ್ಲಿನಲ್ಲಿ ಬಂದು ಸ್ಕೂಲಿನ ಮುಂದೆ ಇಳಿದ.

"ಸೈಕಲ್ಲು ನೀವೇ ಮಡಿಕಳಿ ಮೇಷ್ಟ್ರೆ, ಪುಸ್ತಕ ಕೊಡಿ. ನಮ್ಮಾವ ಬಾನ್ವಾರ ಮದ್ಯಾನದಿಂದ ಗೋಡೆಗೆ ಬೆನ್ನು ಕೊಟ್ಟು ಕುಂತವ್ರೆ. ಮಲುಗ್ತಿಲ್ಲ, ನೀರು ಕೊಟ್ರೆ ಬಾಯಿ ಬುಡ್ತಿಲ್ಲ. ಪುಸ್ತಕ ಇದ್ದ ಗೂಡನ್ನೇ ತೋರುಸ್ತಾರೆ. ಇಂಗೇ ಬುಟ್ರೆ ಇವತ್ತು ಕಳೆಯಾಕಿಲ್ಲ."

ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ನಾನೇ ಕೂತು, ಪುಸ್ತಕ ಎದೆಗೊತ್ತಿಕೊಂಡು ಹೊರಟೆ. ಮುದುಕರಿಗೆ ಏನಾದರೂ ಆದರೆ ಅದು ನನ್ನ ತಲೆಯ ಮೇಲೆ ಎಂಬುದೊಂದೇ ದಾರಿಯುದ್ದಕ್ಕೂ ಯೋಚನೆ. ಹೋಗಿ ನೋಡಿದರೆ ಅವರ ತುಟಿ ಒಡೆದು ಕಪ್ಪಾಗಿತ್ತು. ಕಣ್ಣು ನನ್ನ ಬಾಯಿಯ ಮೇಲೆ ನೆಟ್ಟಿತ್ತು. ಪುಸ್ತಕ ಮುಂದೆ ಹಿಡಿದೆ, ಮುಟ್ಟಲಿಲ್ಲ. ಆಗ ಹೊಳೆಯಿತು. ಕೊನೆಯ ಹಾಳೆ ತೆಗೆದು, ಭಾಗವತರ ಹಾಗೆ ಅವರಿಗೆ ಬೆನ್ನು ಮಾಡಿ ಕೂತು, ಮಂಗಳದ ಪದ ಎತ್ತಿದೆ. ಸಾಲಿನ ಕೊನೆಗೆ ಬಂದು ನಿಲ್ಲಿಸಿದಾಗ ಹಿಂದಿನಿಂದ ಅದೇ ಒರಟು ದನಿ ಎಳೆದು ಹಾಡಿತು. ಪದ ಮುಗಿಯಿತು. ಮುದುಕರು ಒಂದು ಚೊಂಬು ನೀರು ಕುಡಿದು ಮಲಗಿದರು.

"ಭಾನುವಾರ ಏನಾಯಿತಮ್ಮ?" ಎಂದು ಕೇಳಿದೆ.

"ಉಂಡು ಕುಂತಿದ್ರು. ಇದ್ದಕ್ಕಿದ್ದಂಗೆ ಬಾಯಿ ಬಂತು ಕಣ್ ಮೇಷ್ಟ್ರೆ! ಏನೇನೋ ಅಂದ್ರು, ನಮಗೆ ತಿಳುದಿದ್ದು ಚಿಲಕ ಅನ್ನೋದೊಂದೇ. ಬಾಗ್ಲು ಚಿಲಕ ಆಕ್ದೆ, ತಗುದೆ, ಆಕ್ದೆ, ತಗುದೆ. ಕೊನೆಗೆ, ಚಿಲಕಾನೇ ಕಿತ್ತು ಕೈಗೆ ಕೊಡ್ಲೇನಪ್ಪಾ ಅಂದೆ." ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಪುಸ್ತಕವನ್ನು ಅವರ ಗೂಡಿನಲ್ಲೇ ಇಟ್ಟು ಬಂದೆ. ಸೈಕಲ್ಲು ವಾಪಸು ಕೇಳಲು ಬಾಯಿ ಬರಲಿಲ್ಲ. ನಿಂಗಪ್ಪನವರು ಇನ್ನೂ ಕೆಲವು ವರ್ಷ ಇದ್ದರು, ಮತ್ತೆ ಮಾತಾಡಲಿಲ್ಲ. ನನ್ನ ಪುಸ್ತಕ ಅಚ್ಚಾಯಿತು, ಅದರಿಂದಲೇ ನಾಲ್ಕು ಜನ ನನ್ನನ್ನು ವಿದ್ವಾಂಸ ಎನ್ನುವಂತಾಯಿತು. ಗೆದ್ದಲು ತಿಂದ ಏಳು ಕಡೆಯ ಮಾತು ಎಲ್ಲಿ ಸಿಕ್ಕಿತೆಂದು ಪಂಡಿತರು ಈಗಲೂ ಕೇಳುತ್ತಾರೆ. 'ಹಿಮ್ಮೇಳದವರು ಹೇಳಿದಂತೆ' ಎಂದು ಅಡಿಟಿಪ್ಪಣಿ ಹಾಕಿದ್ದೇನೆ. ಆತಗೂರೆಲ್ಲಿ, ಮಳವಳ್ಳಿಯೆಲ್ಲಿ? ಆ ಟಿಪ್ಪಣಿ ನಿಜವೋ ಸುಳ್ಳೋ ನನಗೇ ಗೊತ್ತಿಲ್ಲ.

ನೀವೂ ಹಳೆಯ ಆಟದ ಪುಸ್ತಕ ಹುಡುಕಿಕೊಂಡು ಹೋಗುವವರಾದರೆ ನನ್ನ ಮಾತು ಕೇಳಿ. ಸೈಕಲ್ಲನ್ನು ಬೀದಿಯ ಕೊನೆಯಲ್ಲೇ ನಿಲ್ಲಿಸಿ, ಮನೆಗೆ ನಡೆದು ಹೋಗಿ. ದನಿ ಎತ್ತಲು ಬರುವ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಕಾಗದ ಎಷ್ಟೇ ತುಟ್ಟಿಯಾಗಿರಲಿ, ಮಂಗಳಕ್ಕೆಂದು ಒಂದು ಹಾಳೆ ಮೊದಲೇ ತೆಗೆದಿಟ್ಟುಕೊಂಡು ಆಮೇಲೆ ಪದ ಎತ್ತಿ.