ಅಟ್ಟದ ಕೆಳಗಿನ ಅಣ್ಣ

ಫ್ರೆಂಡ್ಸ್, ಇಂಜಿನಿಯರಿಂಗಲ್ಲಿ ಬ್ರಾಂಚ್ ಬದಲಿಸಲು ನಾಳೆಯೇ ಲಾಸ್ಟ್ ಡೇಟ್. ಸಾಫ್ಟ್‌ವೇರ್ ಡೆವಲಪರ್ ಆಗಿರುವ ದೊಡ್ಡಮ್ಮನ ಮಗನನ್ನು ಕೇಳಲು ಇವತ್ತು ಹಾಸ್ಟೆಲಿನಿಂದ ಅರಳಗುಪ್ಪೆಗೆ ಓಡಿದೆ. ಅಣ್ಣ ಅಟ್ಟದ ಕೆಳಗೆ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ. ದೊಡ್ಡಮ್ಮ ಅಟ್ಟದ ಮೇಲೆ ಕೊಬ್ಬರಿಗಿಟ್ಟ ಕಾಯಿಗಳನ್ನು ಒಂದೊಂದಾಗಿ ಅಲ್ಲಾಡಿಸಿ, ನೀರು ಪೂರ್ತಿ ಇಂಗಿದ್ದನ್ನು ಮಾತ್ರ ಸುಲಿಯಲು ಕೆಳಗೆಸೆಯುತ್ತಿದ್ದರು.

"ನಮ್ ಹುಡ್ಗ ಈಗ ಕಂಪ್ಯೂಟರ್‌ಗೇ ಪಾಠ ಹೇಳ್ಕೊಡ್ತಾವ್ನೆ ಕಣ್ಲಾ!" ಎಂದರು.

"ಅಣ್ಣಾ, ಕಂಪ್ಯೂಟರ್ ಸೈನ್ಸಲ್ಲೇ ಇರ್ಲಾ? ಸೀರಿಯಸ್ಸಾಗಿ ಹೇಳು."

ಅವನು ದನಿ ತಗ್ಗಿಸಿದ. "ನನ್ ಕೆಲ್ಸಾನೆಲ್ಲ ಎಐಗೆ ಕಲಿಸ್ತಾ ಇದೀನಿ ಕಣ್ಲಾ. ಮ್ಯಾನೇಜರ್ ದಿನಾ ಫೋನ್ ಮಾಡಿ, ಹೇಳ್ಕೊಡೋದು ಇನ್ನೇನಾದ್ರೂ ಉಳಿದೈತಾ ಅಂತಾನೆ. ಅವ್ನೂ ಕಾಯಿ ಅಲ್ಲಾಡಿಸ್ತಾವ್ನೆ, ಅಷ್ಟೆ. ಅಮ್ಮಂಗೆ ಹೇಳ್ಬ್ಯಾಡ."

ಹೊರಟಾಗ ದೊಡ್ಡಮ್ಮ ಅಟ್ಟದಿಂದಲೇ, "ನೀನೂ ಅಣ್ಣನಂಗೇ ಆಗು ಕಣಪ್ಪ" ಎಂದು ಹರಸಿದರು. ಆಶೀರ್ವಾದಕ್ಕೆ ಡಿಕ್ಲೈನ್ ಬಟನ್ ಇಲ್ಲ, ಫ್ರೆಂಡ್ಸ್.